ನಲವತ್ತೊಂದನೇ ಪುಟ

ವಿಶ್ವಕೋಶದ ಕಚೇರಿಯಲ್ಲಿ ಅತ್ತಿಗೆ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಒಂದೇ, ಲೇಖನ ಪರಿಶೀಲನೆಯ ಕೈಪಿಡಿ. ನೂರಹನ್ನೆರಡು ಪುಟ. ಬಂದ ಲೇಖನದಲ್ಲಿ ಎಲ್ಲಿ ಅನುಮಾನಪಡಬೇಕು, ಯಾವ ಆಧಾರ ಕೇಳಬೇಕು, ಬರೆದವರ ಮನಸ್ಸು ನೋಯದಂತೆ ತಪ್ಪನ್ನು ಹೇಗೆ ತೋರಿಸಬೇಕು ಎಂಬುದನ್ನೆಲ್ಲ ಆರು ವರ್ಷ ಕೂತು ಬರೆದಿದ್ದಳು. ಒಂಬತ್ತು ವರ್ಷದ ಹಿಂದೆ ಅದರ ಎಂಟು ಪ್ರತಿ ಅಚ್ಚಾಗಿ ಮೇಜಿಗೊಂದರಂತೆ ಹೋಗಿದ್ದವು. ಅಚ್ಚಿನವರು ಮಡಿಸಿದ ಹಾಳೆಗಳ ಅಂಚು ಕತ್ತರಿಸದೆಯೇ ಕೊಟ್ಟಿದ್ದರು, ಬಿಡಿಸದೆ ಓದುವಂತಿರಲಿಲ್ಲ. ತನ್ನ ಪ್ರತಿಯನ್ನು ಅವಳು ಅಂದೇ ಚಾಕು ಹಿಡಿದು ಒಂದೊಂದೇ ಪುಟ ಬಿಡಿಸಿಕೊಂಡಿದ್ದಳು.

ಅಂಥ ಕೈಪಿಡಿಯನ್ನು ನಾಲ್ಕು ಪುಟಕ್ಕೆ ಇಳಿಸುವ ಕೆಲಸವನ್ನು ಪ್ರಧಾನ ಸಂಪಾದಕರು ಕೊಟ್ಟದ್ದು ಯಾರಿಗೆ? ನಾದಿನಿಗೆ! ಸೇರಿ ಐದು ತಿಂಗಳೂ ಆಗದ ಗಂಡನ ತಂಗಿಗೆ. ಅವಳನ್ನು ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವಳೂ ಈ ಅತ್ತಿಗೆಯೇ.

"ನಿಮ್ಮದು ಚೆನ್ನಾಗೇ ಇದೆಯಮ್ಮಾ," ಎಂದರು ಸಂಪಾದಕರು. "ಆದ್ರೆ ಹೊಸಬರಿಗೆ ಚಿಕ್ಕದಾಗಿ, ಚೊಕ್ಕವಾಗಿ ಬೇಕು. ಆ ಹುಡುಗಿ ಬರೆಯೋದು ನೀರು ಕುಡಿದಷ್ಟು ಸಲೀಸು."

ಹಾಗಾದರೆ ತಾನು ಬರೆದದ್ದು ಕಲ್ಲು ಜಗಿದ ಹಾಗೋ? ಅತ್ತಿಗೆಯ ಹೊಟ್ಟೆಗೆ ಬೆಂಕಿ ಬಿತ್ತು. ಹೊಟ್ಟೆಕಿಚ್ಚು ಎಂದರೆ ಅವಳು ಖಂಡಿತ ಒಪ್ಪುತ್ತಿರಲಿಲ್ಲ, ಸಂಸ್ಥೆಯ ಹಿತಚಿಂತನೆ ಎನ್ನುತ್ತಿದ್ದಳು. ಸಂಸ್ಥೆಯ ಹಿತಕ್ಕಾಗಿಯೇ ಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು.

ಗಂಡ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದ. "ನನ್ನ ತಂಗಿ ಚಿಕ್ಕಂದಿನಿಂದಲೂ ಹಾಗೇ. ಬೇಡದ್ದನ್ನ ಕಿತ್ತು ಬಿಸಾಕೋದ್ರಲ್ಲಿ ಎತ್ತಿದ ಕೈ."

ಬೇಡದ್ದು! ಆರು ವರ್ಷ ಬೇಡದ್ದು!

ಮರುದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ, ಅವಳು ತನ್ನ ಪ್ರತಿಯ ನಲವತ್ತೊಂದನೇ ಪುಟದ ಹಾಳೆಯನ್ನು ಬುಡದಲ್ಲಿ ಬ್ಲೇಡು ಹಾಕಿ ತೆಗೆದಳು. ಇಡೀ ಕೈಪಿಡಿಯಲ್ಲಿ ಅವಳ ಜೀವ ಇದ್ದದ್ದು ಆ ಪುಟದಲ್ಲಿ. ಹಿಂದೊಮ್ಮೆ ದೀಪಸ್ತಂಭಗಳ ಲೇಖನವೊಂದರ ಅಂಚಿನ ತುಂಬ ಮೂವತ್ತು ಆಕ್ಷೇಪಣೆ ಗೀಚಿ ವಾಪಸು ಕಳಿಸಿದ್ದಳು. ಮೂವತ್ತಕ್ಕೂ ಉತ್ತರ ಕೊನೆಯ ಪ್ಯಾರಾದಲ್ಲಿತ್ತು. ಬರೆದ ಮುದುಕರು ಮತ್ತೆ ಒಂದಕ್ಷರ ಬರೆದುಕೊಡಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ ನಿಯಮ ಅಲ್ಲಿತ್ತು.

ಪುಟವನ್ನು ಖಾನೆಯ ತಳಕ್ಕೆ ತಳ್ಳಿ, ಪುಸ್ತಕವನ್ನು ನಗುನಗುತ್ತಾ ನಾದಿನಿಯ ಕೈಗಿತ್ತಳು. ಆ ನಾಲ್ಕು ಪುಟವನ್ನು ಎಲ್ಲರ ಮುಂದಿಡುವ ಶುಕ್ರವಾರದ ಸಭೆಯಲ್ಲಿ ತಾನು ಎದ್ದು ನಿಂತು, "ಮುಖ್ಯವಾದ ನಿಯಮವೇ ಇಲ್ಲವಲ್ಲ!" ಎಂದುಬಿಟ್ಟರೆ ನಾದಿನಿಯ ಮುಖ ಹೇಗಾಗಬಹುದು! ಮೂರು ದಿನ ಅದನ್ನೇ ನೆನೆದು ಒಳಗೊಳಗೇ ಖುಷಿಪಟ್ಟಳು.

ಗುರುವಾರ ಸಂಜೆ ನಾದಿನಿ ನಾಲ್ಕು ಹಾಳೆ ತಂದು ಮೇಜಿನ ಮೇಲಿಟ್ಟಳು. "ಅತ್ತಿಗೆ, ಸಭೆಗೆ ಮುಂಚೆ ನೀವೊಮ್ಮೆ ನೋಡ್ಬೇಕು."

ಅತ್ತಿಗೆ ಕೆಂಪು ಪೆನ್ನಿನ ಮುಚ್ಚಳ ತೆಗೆದು ಸಿದ್ಧಳಾದಳು. ಮೊದಲ ಸಾಲಿನಲ್ಲೇ ಕೈ ನಿಂತಿತು. *ತಪ್ಪು ಹುಡುಕುವ ಮೊದಲು ಲೇಖನವನ್ನು ಒಮ್ಮೆ, ಕೈಯಲ್ಲಿ ಪೆನ್ನಿಲ್ಲದೆ, ಕೊನೆಯವರೆಗೂ ಓದಿ.* ಅವಳದೇ ವಾಕ್ಯ, ಒಂದಕ್ಷರವೂ ಬದಲಾಗಿರಲಿಲ್ಲ.

"ಇದು ನಿಂಗೆಲ್ಲಿ ಸಿಕ್ತು?"

"ನಿಮ್ಮ ಪುಸ್ತಕದಲ್ಲಿ ನಲವತ್ತಾದ ಮೇಲೆ ನಲವತ್ಮೂರು ಇತ್ತು. ಬೇರೆಯವರ ಪ್ರತಿ ತೆಗೆದು ನೋಡಿದೆ." ನಾದಿನಿ ದನಿ ತಗ್ಗಿಸಿದಳು. "ಏಳರಲ್ಲೂ ಹದಿನಾರನೇ ಪುಟದಿಂದಾಚೆ ಅಂಚು ಬಿಡಿಸೇ ಇರಲಿಲ್ಲ, ಅತ್ತಿಗೆ. ಸಂಪಾದಕರದ್ದೂ ಅಷ್ಟೇ. ಒಂದನ್ನ ನಾನೇ ಬಿಡಿಸಿಕೊಂಡು ಓದಿದೆ."

ಒಂಬತ್ತು ವರ್ಷ. 'ನಿಮ್ಮ ಕೈಪಿಡಿ ನಮಗೆ ದಾರಿದೀಪ' ಎಂದವರೆಲ್ಲ ಅವಳ ಕಣ್ಣಮುಂದೆ ಬಂದು ಹೋದರು. ಅಳು ಬರುವಂತಾಯಿತು.

ಪೆನ್ನು ಕೆಳಗಿಟ್ಟು ನಾಲ್ಕೂ ಪುಟವನ್ನು ಕೊನೆಯವರೆಗೆ ಓದಿದಳು. ಚೆನ್ನಾಗಿತ್ತು. ಹಾಳಾಗಿ ಹೋಗಲಿ, ತುಂಬಾ ಚೆನ್ನಾಗಿತ್ತು! ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ಖಾನೆ ಎಳೆದು ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಬ್ಲೇಡು ಹಾಕಿದ್ದು ನಾನೇ ಕಣೇ."

"ಗೊತ್ತು," ಎಂದಳು ನಾದಿನಿ. "ನಲವತ್ತೊಂದನೇ ಪುಟ ಅಂತ ಒಂದಿದೆ ಅನ್ನೋದು ಇಲ್ಲಿ ಗೊತ್ತಿದ್ದದ್ದೇ ನಿಮಗೊಬ್ಬರಿಗೆ."