ಗಟ್ಟಿಯಾಗದ ಕಾಲು

ಹೆಬ್ಬೆರಳಿನಿಂದ ಒತ್ತಿದರೆ ಕಾಲು ತಗ್ಗುತ್ತಿತ್ತು. ಹನ್ನೊಂದು ವರ್ಷದಿಂದ ಕೃತಕ ಕಾಲು ಮಾಡುತ್ತ ಪಳಗಿದ ಕೈ ಆ ಮನೆಯ ಸೊಸೆಯದು. ಎರಡು ದಿನ ಕಳೆದರೂ ಹೀಗೆ ಅಂಟಂಟಾಗಿ ಉಳಿದ ಕಾಲನ್ನು ಕಂಡಿರಲಿಲ್ಲ.

ಕಾಲು ಅಂಚೆಯವಳದು. ಅಪಘಾತವಾಗಿ ಎಂಟು ತಿಂಗಳು ಮನೆಯಲ್ಲಿದ್ದವಳು, ಅಭ್ಯಾಸಕ್ಕೆಂದು ಕೊಟ್ಟ ತಾತ್ಕಾಲಿಕ ಕಾಲಲ್ಲಿ ನಡೆಯಲು ಕಲಿತಿದ್ದಳು. ಸೋಮವಾರ ಕೆಲಸಕ್ಕೆ ಹಾಜರಾಗದಿದ್ದರೆ ಅವಳ ಬೀದಿಗಳು ಬೇರೆಯವರ ಪಾಲು. ಇವತ್ತು ಶುಕ್ರವಾರ. ಬೇಗ ಆಗಲಿ ಎಂದು, ಕಾಲಿನ ರಾಳವನ್ನು ಗಟ್ಟಿ ಮಾಡುವ ಹಾರ್ಡನರನ್ನು ಧಾರಾಳವಾಗಿ ಸುರಿದವಳು ಸೊಸೆಯೇ. ಯಾರಿಗೆ ಹೇಳಿಕೊಳ್ಳುವುದು?

ಮನೆಯಲ್ಲಿ ಅತ್ತೆ ಇದ್ದರು. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು. ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ಸೊಸೆ ಅವರನ್ನು ಕಾರ್ಯಾಗಾರದ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಈಗ ಬಿಗುಮಾನ ಬದಿಗಿಟ್ಟು ಕರೆದಳು.

ಅತ್ತೆ ಕಾಲನ್ನು ಮೂಸಿ ನೋಡಿದರು. "ಎಷ್ಟು ಹಾಕ್ದೆ?"

"ಹಾಕಬೇಕಾದ್ದರ ಎರಡರಷ್ಟು."

"ಅಯ್ಯೋ ಮಹರಾಯ್ತಿ! ಪರಮಾಣುಗಳು ಎಲೆಕ್ಟ್ರಾನ್ ಹಂಚ್ಕೊಂಡ್ರೆ ತಾನೇ ಬಂಧ? ಹಂಚ್ಕೊಳ್ಳೋಕೆ ಒಂದೊಂದಕ್ಕೂ ಇಷ್ಟೇ ಕೈ ಅಂತ ಇರುತ್ತೆ. ಈ ರಾಳದ ಅಣುವಿಗೆ ಎರಡು ಕೈ, ಹಾರ್ಡನರ್‌ಗೆ ನಾಲ್ಕು. ಅಳೆದು ಹಾಕಿದ್ರೆ ಒಂದನ್ನೊಂದು ಹಿಡ್ಕೊಂಡು ಬಲೆ ಆಗುತ್ತೆ. ನೀನು ಹಾರ್ಡನರೇ ತುಂಬಿಬಿಟ್ಟೆ. ರಾಳದ ಕೈಯೆಲ್ಲ ಮುಗಿದುಹೋಯ್ತು, ಮಿಕ್ಕ ಹಾರ್ಡನರ್ ಅಣುಗಳು ಬರಿಗೈಲಿ ನಿಂತಿವೆ. ಗಟ್ಟಿ ಬಲೆ ಎಲ್ಲಿಂದ ಬರಬೇಕು?"

"ಇನ್ನೆರಡು ದಿನ ಕಾದ್ರೆ?"

"ಎರಡು ವರ್ಷ ಕಾದ್ರೂ ಅಷ್ಟೇ. ಬಿಸಾಕು ಅದನ್ನ."

ಸೊಸೆಗೆ ಅಳು ಬಂತು. ಅಳುತ್ತಲೇ ಕಾಲನ್ನು ಕತ್ತರಿಸಿ ತೆಗೆದು, ಅಚ್ಚಿನ ಮೇಲೆ ರಾಳ ಹೀರುವ ಹೊಸ ಬಟ್ಟೆ ಎಳೆದಳು. ಅತ್ತೆ ಕನ್ನಡಕ ಏರಿಸಿ, ತಕ್ಕಡಿಯ ಮುಂದೆ ಕೂತು, ರಾಳ, ಹಾರ್ಡನರ್ ಎರಡನ್ನೂ ಒಂದು ಹನಿ ಹೆಚ್ಚುಕಮ್ಮಿಯಾಗದಂತೆ ತೂಗಿಕೊಟ್ಟರು. ಪಾಠವಂತೂ ನಿಲ್ಲಲಿಲ್ಲ. ಸೊಸೆ ಮೊದಲ ಸಲ ಕಿವಿಗೊಟ್ಟು ಕೇಳಿದಳು, ನಡುವೆ ಎರಡು ಪ್ರಶ್ನೆಯನ್ನೂ ಕೇಳಿದಳು. ಅತ್ತೆ ಉಬ್ಬಿಹೋದರು. ಭಾನುವಾರ ಸಂಜೆ ಉಗುರಿನಿಂದ ತಟ್ಟಿದರೆ ಕಾಲು ಠಣ್ ಎಂದಿತು.

ಸೋಮವಾರ ಬೆಳಿಗ್ಗೆ ಅಂಚೆಯವಳು ಅದನ್ನು ತೊಟ್ಟು ನಿಂತಳು. ಕಾರ್ಯಾಗಾರದ ಕಂಬಿ ಹಿಡಿದು ನಾಲ್ಕು ಹೆಜ್ಜೆ, ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ನಡೆದೇಬಿಟ್ಟಳು. ಹೊರಗೆ ಮೂರು ಮೆಟ್ಟಿಲು. ಹಿಡಿಯಲು ಓಡಿದ ಸೊಸೆಯ ತೋಳನ್ನು ಅತ್ತೆ ಜಗ್ಗಿದರು.

"ಸುಮ್ನಿರೇ, ಅವಳಿಗೆ ಕೆಲಸಕ್ಕೆ ತಡ ಆಗುತ್ತೆ."

ಅಂಚೆಯವಳು ಮೂರೂ ಮೆಟ್ಟಿಲಿಳಿದು, ತಿರುಗಿಯೂ ನೋಡದೆ ತನ್ನ ಬೀದಿಗೆ ಹೊರಟುಹೋದಳು.