ಕೆಟಲಿನ ಮೇಲೆ ಒಂಬತ್ತು ಸೆಕೆಂಡು

ನನ್ನ ನಾಲಿಗೆ ಕೆಟ್ಟದ್ದು. ಬೇರೆ ಯಾರಾದರೂ ಹೀಗೆಂದರೆ ಜಗಳಕ್ಕೆ ನಿಲ್ಲುತ್ತೇನೆ; ಇವತ್ತು ನಾನೇ ಹೇಳುತ್ತಿದ್ದೇನೆ. ನಾಲಿಗೆಗಿಂತ ಕೆಟ್ಟದ್ದು ನನ್ನ ಗುರುವಾರದ ಅಂಕಣ.

ಸೋಫಿಯಾದಲ್ಲಿ ನಾನೂ ಯಾವೊರನೂ ಸೇರಿ ಎಡಿಟರುಗಳಿಗಾಗಿ ಒಂದು ಜಾಲತಾಣ ನಡೆಸುತ್ತೇವೆ. ಯಾವ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಕೊಂಡರೆ ಹಳೆಯ ಕೆಲಸ ಹಾಳಾಗುತ್ತದೆ, ಎಲ್ಲಿ ಜನ ಬೇಕಾಗಿದ್ದಾರೆ, ಯಾರು ಯಾವ ಧಾರಾವಾಹಿ ಒಪ್ಪಿಕೊಂಡರು, ಇಂಥವೆಲ್ಲ ಅದರಲ್ಲಿ ಬರುತ್ತವೆ. ಈ ದೇಶದಲ್ಲಿ ದೃಶ್ಯ ಕತ್ತರಿಸಿ ಜೋಡಿಸಿ ಹೊಟ್ಟೆ ಹೊರೆಯುವವರೆಲ್ಲ ಬೆಳಗಿನ ಕಾಫಿಯ ಜೊತೆ ನಮ್ಮನ್ನು ಓದುತ್ತಾರೆ. ಯಾವೊರ ಪಾಠಗಳನ್ನು ಬರೆಯುತ್ತಾನೆ. ಪಾಪ, ಅವನ್ನು ಇನ್ನೂರು ಜನ ಓದಿದರೆ ಹೆಚ್ಚು. ನನ್ನ ‘ಈ ವಾರದ ಹರಕು ಹೊಲಿಗೆ’ಯನ್ನು ಐದು ಸಾವಿರ ಜನ ಓದುತ್ತಾರೆ. ಟೀವಿಯಲ್ಲಿ ಬಂದ ಕೆಟ್ಟ ಕಟ್ ಒಂದನ್ನು ಹಿಡಿದು ಅದರ ಚರ್ಮ ಸುಲಿಯುವ ಅಂಕಣ ಅದು.

ಫೆಬ್ರವರಿಯಲ್ಲಿ ನನಗೆ ಒಳ್ಳೆಯ ಬೇಟೆ ಸಿಕ್ಕಿತು. ಒಂದು ಧಾರಾವಾಹಿಯ ಮೊದಲ ಭಾಗದ ಕೊನೆಯ ಕಂತು. ತಾಯಿಯ ಪಾತ್ರದಲ್ಲಿ ಬಿಸೆರಾ. ನಮ್ಮ ಅಜ್ಜಿಯಂದಿರ ಕಾಲದಿಂದಲೂ ವೇದಿಕೆಯ ಮೇಲಿರುವ, ಜನ ಬೀದಿಯಲ್ಲಿ ನಿಲ್ಲಿಸಿ ಕೈಗೆ ಮುತ್ತಿಡುವ ಬಿಸೆರಾ. ಆಕೆ ಮಗನೆದುರು ಕೂತು ಗಂಡ ಸತ್ತ ದಿನವನ್ನು ಹೇಳುತ್ತಿದ್ದಾಳೆ. ಮಾತಿನ ನಟ್ಟನಡುವೆ, ಮುಖ ಬಿಟ್ಟು, ಒಲೆಯ ಮೇಲಿನ ಕೆಟಲ್! ಒಂದಲ್ಲ ಎರಡಲ್ಲ, ಒಂಬತ್ತು ಸೆಕೆಂಡು. ಆಮೇಲೆ ಆಕೆಯ ಬೆನ್ನು. ಉಳಿದ ಮಾತೆಲ್ಲ ಬೆನ್ನಿನ ಮೇಲೆಯೇ ಮುಗಿಯುತ್ತದೆ.

“ತಾಯಿಗೆ ಗಂಡನ ಚಿಂತೆ, ಎಡಿಟರ್ ಮಹಾಶಯರಿಗೆ ಚಹಾದ ಚಿಂತೆ” ಎಂದು ಬರೆದೆ. ಕೊನೆಗೆ ಇದನ್ನೂ ಸೇರಿಸಿದೆ: “ಕತ್ತರಿಗೂ ವಯಸ್ಸಾಗುತ್ತದೆ. ಮೊಂಡಾದದ್ದನ್ನು ಮೊಳೆಗೆ ನೇತುಹಾಕುವುದೇ ಮರ್ಯಾದೆ.”

ಎಡಿಟರ್ ಯಾರೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಗೊತ್ತಿತ್ತು. ಹೆಸರು ಪರದೆಯ ಮೇಲೆಯೇ ಬಂತು. ವೆಲಿಚ್ಕೊ. ಅಕಾಡೆಮಿಯಲ್ಲಿ ನಾಲ್ಕು ವರ್ಷ ನನಗೆ ಕಲಿಸಿದ ಮೇಷ್ಟ್ರು. ಹದಿನೆಂಟು ವರ್ಷದ ಹಿಂದೆ ಇಡೀ ತರಗತಿಯೆದುರು “ಕಲಿನಾ, ನಿನ್ನ ಕೈ ಚುರುಕು, ಕಿವಿ ಮಂದ” ಅಂದಿದ್ದರು. ಆ ಮುಳ್ಳು ಒಳಗೇ ಇತ್ತು. ಅವರ ಹೆಸರು ಕಂಡಾಗ ನನಗೆ ಖುಷಿಯಾಯಿತು. ಥೂ, ನನ್ನ ಜನ್ಮಕ್ಕಿಷ್ಟು! ಖುಷಿಯಾಯಿತು.

ಜನ ವಾರವಿಡೀ ಕೆಟಲಿನ ಚಿತ್ರ ಹಾಕಿ ನಕ್ಕರು. ಮುಂದಿನ ತಿಂಗಳು ಧಾರಾವಾಹಿಯ ನಿರ್ಮಾಪಕ ಫೋನ್ ಮಾಡಿದ. “ನಿಮ್ಮ ಕಣ್ಣು ಸೂಕ್ಷ್ಮ ಕಣ್ರೀ. ಮುದುಕಪ್ಪನ ಕೈಲಿ ಇನ್ನು ಆಗಲ್ಲ. ಎರಡನೇ ಭಾಗ ನೀವೇ ಮಾಡಿಕೊಡಿ.” ಅವನ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ನಮ್ಮ ತಾಣದಲ್ಲೇ ಅದನ್ನು ಸುದ್ದಿಯಾಗಿ ಹಾಕಲು ಹೋದಾಗ ಯಾವೊರ ಕೀಲಿಮಣೆಯಿಂದ ಕೈ ತೆಗೆದ.

“ನೀನೇ ಹಾಕ್ಕೊ ತಾಯಿ. ನನ್ ಕೈಲಾಗಲ್ಲ.”

“ಯಾಕೆ, ಏನಾಯ್ತೀಗ?”

“ಏನಾಯ್ತಾ? ಮೊದ್ಲು ಬೈದೆ, ಆಮೇಲೆ ಅವ್ರ ಕುರ್ಚಿ ಎಳ್ಕೊಂಡೆ. ಗುರುವಿಗೇ ತಿರುಮಂತ್ರ ಹಾಕೋದು ಅಂದ್ರೆ ಇದೇ ನೋಡು.”

“ನಾನೇನು ಕೇಳ್ಕೊಂಡು ಹೋದ್ನಾ? ಅವನೇ ಕರ‍್ದ.”

“ಹೂಂ, ಕರ‍್ದ. ನೀನು ಬೇಡ ಬೇಡ ಅಂತ ಅತ್ತೆ, ಅಲ್ವಾ?” ಎಂದು ಯಾವೊರ ಕಾಫಿ ಲೋಟ ಎತ್ತಿಕೊಂಡ. “ಭಾನುವಾರ ಈಸ್ಟರ್. ಮೇಷ್ಟ್ರ ಹೆಸರಿನ ಹಬ್ಬ. ಹೋಗಿ ಮುಖ ತೋರಿಸಿ ಬಾ, ನಿನಗೆ ಮುಖ ಅಂತ ಒಂದಿದ್ರೆ.”

ನಮ್ಮಲ್ಲಿ ಪ್ರತಿ ಹೆಸರಿಗೂ ವರ್ಷದಲ್ಲೊಂದು ಹಬ್ಬದ ದಿನವಿದೆ; ವೆಲಿಚ್ಕೊ ಎಂಬ ಹೆಸರಿನದು ಈಸ್ಟರ್. ಆ ದಿನಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬಂದವರಿಗೆ ಊಟ ಹಾಕಲೇಬೇಕು. ಅವತ್ತು ಆ ಪದ್ಧತಿಯ ಮರೆಯಲ್ಲೇ ನುಸುಳಿದೆ. ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಐದು ಮಹಡಿ ಹತ್ತಿದೆ. ಎರಡು ಸಲ ಹಿಂದಕ್ಕೆ ಇಳಿದು ಮತ್ತೆ ಹತ್ತಿದೆ.

“ಕ್ರಿಸ್ತ ಎದ್ದಿದ್ದಾನೆ, ಮೇಷ್ಟ್ರೇ” ಎಂದು ಈಸ್ಟರಿನ ವಂದನೆ ಹೇಳಿದೆ.

“ನಿಜವಾಗ್ಲೂ ಎದ್ದಿದ್ದಾನೆ. ಬಾ ಮಗಳೇ, ಒಳಗೆ ಬಾ.” ವೆಲಿಚ್ಕೊ ಅಷ್ಟೇ ಹೇಳಿದರು. ಅಂಕಣದ ಮಾತೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಒಳಗೆ ಹತ್ತು ಜನರಿದ್ದರು. ಬಹಳಷ್ಟು ಜನ ಹಳೆಯ ಎಡಿಟರುಗಳು, ನನ್ನನ್ನು ಓದುವವರು. ಯಾರೂ ಸರಿದು ಜಾಗ ಕೊಡಲಿಲ್ಲ. ಪ್ರೋದಾನ್ ಎಂಬ ಬೋಳುತಲೆಯವನು, ಮೇಷ್ಟ್ರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವನು, ಅಡುಗೆಮನೆಯತ್ತ ಕೈ ತೋರಿಸಿದ. “ಕೆಟಲ್ ಅಲ್ಲಿದೆ, ಮೇಡಂನೋರೇ. ನೋಡ್ಕೊಂಡು ಹೊರಡಿ.”

ಎಲ್ಲರೂ ನಕ್ಕರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಗ ಮೇಜಿನ ಆ ತುದಿಯಿಂದ ಒಂದು ಕೈ ನನ್ನನ್ನು ಕರೆಯಿತು. ಬಿಸೆರಾ.

“ಯಾರಮ್ಮ ನೀನು? ಆ ಪತ್ರಿಕೆಯೋಳಾ? ಬಾ, ನನ್ ಪಕ್ಕ ಕೂತ್ಕೊ. ತಗೋ, ಮೊಟ್ಟೆ ತಗೋ.”

ಈಸ್ಟರಿನ ಆಟದಂತೆ ಕೆಂಪು ಮೊಟ್ಟೆಗೆ ಮೊಟ್ಟೆ ಕುಟ್ಟಿದೆವು; ಒಡೆಯದೆ ಉಳಿದದ್ದು ಗೆದ್ದಂತೆ. ನನ್ನದು ಒಡೆಯಿತು. ಆಕೆ ಚಪ್ಪಾಳೆ ತಟ್ಟಿದರು, ನಾನು ಸಿಪ್ಪೆ ಸುಲಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ಮೊಣಕೈ ತಟ್ಟಿದರು. “ತಗೋ ಹುಡುಗಿ, ನಾವಿಬ್ರೂ ಇನ್ನೂ ಕುಟ್ಟೇ ಇಲ್ವಲ್ಲ.” ತಮಾಷೆ ಇರಬೇಕು ಎಂದುಕೊಂಡೆ.

ಆಮೇಲೆ ಆಕೆ ವಾರ್ನಾ ಊರಿನಲ್ಲಿ ಆಡಿದ ಒಂದು ನಾಟಕದ ಕಥೆ ಹೇಳತೊಡಗಿದರು. ಕೈ, ಕಣ್ಣು, ದನಿ, ಎಲ್ಲ ರಾಣಿಯದೇ. “ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಪರದೆ ಎದ್ದಿತು. ಆಗ... ಆಗ...” ಎಂದು ನಿಂತರು. ಮುಖದಿಂದ ಎಲ್ಲವೂ ಇಳಿದುಹೋಯಿತು. ದಾರಿ ತಪ್ಪಿದ ಮಗುವಿನಂತೆ ಕಣ್ಣು ಅತ್ತಿತ್ತ ಹೋಯಿತು. ತಕ್ಷಣ ವೆಲಿಚ್ಕೊ ಉಪ್ಪಿನ ಡಬ್ಬಿ ಬೀಳಿಸಿದರು. “ಅಯ್ಯೋ ನನ್ ಕೈ! ಬಿಸೆರಾ, ಅದು ಮೆಟ್ಟಿಲು ಮುರಿದ ದಿನ ತಾನೇ?” ಎಲ್ಲರೂ ಉಪ್ಪನ್ನು ನೋಡಿದರು. “ಹೂಂ, ಮೆಟ್ಟಿಲು ಮುರೀತು!” ಎಂದು ಬಿಸೆರಾ ಕಥೆಯನ್ನು ಎತ್ತಿಕೊಂಡರು.

ಆಕೆ ಮುಂದಿನ ಸಲ ನಿಂತಾಗ ಮೇಷ್ಟ್ರು ಕೆಮ್ಮಿದರು. ಅದರ ಮುಂದಿನ ಸಲ ಪ್ರೋದಾನನನ್ನು ಕೂಗಿ ವೈನ್ ಕೇಳಿದರು. ಮೂರನೆಯದಕ್ಕೆ ನನ್ನ ಕೈಯಲ್ಲಿದ್ದ ಮೊಟ್ಟೆ ಅಲ್ಲೇ ನಿಂತಿತು. ಸೆಕೆಂಡು ಎಣಿಸುವುದು ನಮ್ಮ ಎಡಿಟರ್ ಜಾತಿಯ ಚಟ. ಆಕೆ ಎಲ್ಲಿ ಖಾಲಿಯಾಗುತ್ತಾರೋ ಅಲ್ಲಿ ಮೇಷ್ಟ್ರು ಜನರ ಕಣ್ಣನ್ನು ಬೇರೆಲ್ಲಿಗೋ ಒಯ್ಯುತ್ತಿದ್ದರು, ಆಕೆ ತುಂಬಿಕೊಂಡ ಮೇಲೆ ವಾಪಸು ತರುತ್ತಿದ್ದರು. ಕೆಟಲಿನ ಒಂಬತ್ತು ಸೆಕೆಂಡು ನೆನಪಾಯಿತು.

ಅವರು ಕುರಿಮಾಂಸ ತರಲು ಎದ್ದಾಗ ಹಿಂದೆಯೇ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿದೆ.

“ಮೇಷ್ಟ್ರೇ, ಆ ಒಂಬತ್ತು ಸೆಕೆಂಡು ಅವರ ಮುಖದ ಮೇಲೆ ಏನಿತ್ತು?”

“ಎಡಿಟಿಂಗ್ ಕೋಣೇಲಿ ಕಂಡಿದ್ದು...” ಎಂದು ಅವರು ನನ್ನನ್ನೇ ನೋಡಿದರು.

“ಆ ಕೋಣೆ ದಾಟಬಾರದು. ಮೊದಲನೇ ದಿನಾನೇ ಹೇಳಿಕೊಟ್ಟಿದ್ರಿ.”

“ಹೇಳಿಕೊಟ್ಟಿದ್ದೆ, ಅಲ್ವಾ?”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. “ನಾಳೆನೇ ಬರೀತೀನಿ. ನಂದು ತಪ್ಪಾಯ್ತು ಅಂತ.”

“ಏನು ತಪ್ಪಾಯ್ತು ಅಂತ ಐದು ಸಾವಿರ ಜನ ಕೇಳ್ತಾರೆ. ಏನಂತೀಯ?”

“ಹಾಗಾದ್ರೆ ತೆಗೆದುಹಾಕ್ತೀನಿ.”

“ಆಗ ಇನ್ನೂ ಜೋರಾಗಿ ಕೇಳ್ತಾರೆ. ಇರ‍್ಲಿ ಬಿಡು. ನಂಗೆ ಎಪ್ಪತ್ತೊಂದು. ನನ್ ಹೆಸ್ರು ಹೋದ್ರೆ ಯಾರಪ್ಪನ ಗಂಟು ಹೋಯ್ತು? ಅವಳಿಗೆ ಇರೋದು ಈ ಪಾತ್ರ ಒಂದೇ. ನಿರ್ಮಾಪಕಂಗೆ ಈ ಮರೆವಿನ ಸುಳಿವು ಸಿಕ್ರೆ ನಾಳೆನೇ ಮನೆಗೆ ಕಳಿಸ್ತಾನೆ. ಮನೇಲಿ ಕೂತ್ರೆ ಅವಳು ಉಳಿಯಲ್ಲ.” ಮಾಂಸದ ತಟ್ಟೆಯನ್ನು ಬಟ್ಟೆಯಿಂದ ಹಿಡಿದು ಎತ್ತಿಕೊಂಡರು. “ನಿರ್ದೇಶಕನಿಗೆ ಗೊತ್ತು, ನಂಗೆ ಗೊತ್ತು. ಎರಡನೇ ಭಾಗಾನೂ ಹೇಗೋ ದಾಟಿಸ್ತೀನಿ ಅಂತಿದ್ದೆ.”

ನಾನು ಅವರ ಅನ್ನ ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಆ ಮುದುಕಿಯ ಮುಂದೆ ಅಡ್ಡ ನಿಂತಿದ್ದ ಗೋಡೆಯನ್ನೇ ಕೆಡವಿದ್ದೆ.

“ಬಿಟ್ಟುಬಿಡ್ತೀನಿ, ಮೇಷ್ಟ್ರೇ. ಆ ಕೆಲಸ ನಂಗೆ ಬೇಡ.”

“ಬಿಟ್ರೆ ಇನ್ಯಾವನೋ ಬರ‍್ತಾನೆ. ಅವನ ಹತ್ರ ಹೋಗಿ ನಾನು ಹೇಳ್ಲಾ? ನೀನೇ ಮಾಡು. ಎಲ್ಲಿ ಬೇಕೋ ಅಲ್ಲಿ ಕೆಟ್ಟದಾಗಿ ಮಾಡು. ಜನ ನಗ್ತಾರೆ, ನಗ್ಲಿ. ಬಾಗ್ಲು ತೆಗಿ, ಕೈ ಸುಡ್ತಾ ಇದೆ.”

ಕಣ್ಣೊರೆಸಿಕೊಂಡು ಹೊರಗೆ ಬಂದೆ. ಬಿಸೆರಾ ನನಗಾಗಿಯೇ ಕಾದಿದ್ದರು.

“ಇವಳೇ ನೋಡಿ, ನಂಗೆ ನ್ಯಾಯ ಕೊಟ್ಟೋಳು! ನನ್ ಸೊಸೆ ಓದಿ ಹೇಳಿದ್ಲು. ನನ್ ಜೀವನದ ಒಳ್ಳೇ ದೃಶ್ಯ ಕಣಮ್ಮ ಅದು. ಒಂದೇ ಉಸಿರಲ್ಲಿ ಹೇಳಿದ್ದೆ, ಒಂದಕ್ಷರ ತಪ್ಪಿಲ್ದೆ. ಈ ಮುಟ್ಠಾಳ ಅದನ್ನ ಹಾಳು ಮಾಡಿದ. ಇವನ ಮುಖಕ್ಕೇ ಹೇಳು, ಹುಡುಗಿ. ಕೆಟ್ಟ ಕಟ್ ಹೌದೋ ಅಲ್ವೋ?”

ಪ್ರೋದಾನ್ ಫೋರ್ಕು ಕೆಳಗಿಟ್ಟ. ತಟ್ಟೆ ಹಿಡಿದು ನಿಂತಿದ್ದ ಮೇಷ್ಟ್ರನ್ನು ನೋಡಿದೆ. ಅವರು ನೋಟ ತಪ್ಪಿಸಲಿಲ್ಲ. ಒಂದು, ಎರಡು, ಮೂರು. ನಾನು ಇನ್ನು ತಡಮಾಡಿದರೆ ಯಾರಾದರೂ ಯಾಕೆಂದು ಯೋಚಿಸುತ್ತಿದ್ದರು.

“ಕೆಟ್ಟ ಕಟ್, ಅಮ್ಮ” ಎಂದೆ. ಕಿವಿ ಉರಿಯುತ್ತಿತ್ತು. “ನಿಮ್ ಮುಖ ಬಿಟ್ಟು ಬೇರೆಲ್ಲೂ ಹೋಗಬಾರದಿತ್ತು. ವೆಲಿಚ್ಕೊ ಮೇಷ್ಟ್ರಿಗೆ ವಯಸ್ಸಾಯ್ತು.”

“ಥೂ, ಉಂಡ ಮನೇಲಿ ಕೂತು...” ಎಂದು ಪ್ರೋದಾನ್ ಕುರ್ಚಿ ತಳ್ಳಿ ಎದ್ದ.

“ಕೂತ್ಕೊಳೋ, ಅವಳು ಹೇಳಿದ್ದು ಸರೀಗೇ ಇದೆ” ಎಂದು ಮೇಷ್ಟ್ರು ಅವನ ಭುಜ ಅದುಮಿದರು. ಬಿಸೆರಾ ನಗುತ್ತ ನನ್ನ ಕೆನ್ನೆ ಹಿಂಡಿದರು, ನನ್ನ ಹೆಸರೇನೆಂದು ಮತ್ತೊಮ್ಮೆ ಕೇಳಿದರು. ಮೇಷ್ಟ್ರು ಮೆತ್ತಗಿನ ತುಂಡೊಂದನ್ನು ಆರಿಸಿ ನನ್ನ ತಟ್ಟೆಗೆ ಹಾಕಿದರು. ಎಲ್ಲರೂ ನೋಡುತ್ತಿದ್ದರು. ತಲೆ ಎತ್ತದೆ ತಿಂದೆ.