ಬೋಳಗುಡ್ಡದ ಮೂರು ಬೆರಳು

ನಾನು ಹುಟ್ಟುವ ಹೊತ್ತಿಗೆ ನನಗೆ ರೂಪ ಕೊಟ್ಟ ಕಾಲು ಗುಡ್ಡ ದಾಟಿ ಹೋಗಿಯಾಗಿತ್ತು. ಅದು ಬಿಟ್ಟುಹೋದ ಗುರುತಿನೊಳಗೆ ಬಿಳಿ ಪುಡಿ ಕಲಸಿದ ನೀರು ಸುರಿದು, ಗಟ್ಟಿಯಾದ ಮೇಲೆ ಎತ್ತಿಕೊಂಡರಲ್ಲ, ಅದೇ ನಾನು. ಒಂದು ಕತ್ತೆಕಿರುಬದ ಹೆಜ್ಜೆಯ ಅಚ್ಚು. ಅಂಗೈಯಗಲ ಇದ್ದೇನೆ. ಬಣ್ಣ ಈಗ ಎಲೆಯಡಿಕೆ ಹಾಕುವವರ ಹಲ್ಲಿನ ಹಾಗಾಗಿದೆ.

ನನ್ನ ಮನೆತನ ಅಂಥ ದೊಡ್ಡದೇನಲ್ಲ. ಗದಗಿನ ಪೇಟೆಯ ಅಂಗಡಿಯೊಂದರಲ್ಲಿ ಪ್ಲಾಸ್ಟರ್ ಪುಡಿಯ ಚೀಲದಲ್ಲಿದ್ದೆ. ಅದೇ ಚೀಲದ ನನ್ನ ಅಣ್ಣತಮ್ಮಂದಿರು ಕಲ್ಯಾಣಮಂಟಪದ ಚಾವಣಿಯಲ್ಲಿ ಹೂಬಳ್ಳಿಗಳಾಗಿ, ಮದುವೆ ಊಟದ ವಾಸನೆ ಕುಡಿಯುತ್ತಾ ಸುಖವಾಗಿದ್ದಾರೆ. ನನ್ನ ಪಾಲಿಗೆ ಬಂದವಳು ರುಬೀನಾ ನದಾಫ್. ಗಾದಿ ತುಂಬುವವರ ಮನೆಯ ಹುಡುಗಿ. ಕಾಲೇಜಿನಲ್ಲಿ ವನ್ಯಜೀವಿಶಾಸ್ತ್ರದ ಕೊನೆಯ ವರ್ಷದಲ್ಲಿದ್ದಳು. ಬೋಳಗುಡ್ಡದ ಗವಿಯ ಬಾಯಲ್ಲಿ, ಒದ್ದೆ ಮಣ್ಣಿನ ಮೇಲೆ ಆ ಹೆಜ್ಜೆ ಕಂಡಾಗ ಅವಳು ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಫೋನು ತೆಗೆದಳು. ಅದರ ಜೀವ ದಾರಿಯಲ್ಲೇ ಹೋಗಿತ್ತು. ಫೋಟೊ ಇಲ್ಲದಿದ್ದರೆ ಅಚ್ಚಾದರೂ ಇರಲಿ ಎಂದು, ನೀರಿನ ಬಾಟಲಿ ಅಡ್ಡ ಕೊಯ್ದು ಬಳೆ ಮಾಡಿ ಗುರುತಿನ ಸುತ್ತ ಇಟ್ಟು, ಪುಡಿಯನ್ನು ಅಂಬಲಿಯ ಹದಕ್ಕೆ ಕಲಸಿ ಸುರಿದಳು. ಬಿಸಿಲಿಗೆ ನಾನು ಗಟ್ಟಿಯಾದೆ. ಎತ್ತುವಾಗ ಕೆಳಗಿನ ಮಣ್ಣು ಪುಡಿಪುಡಿಯಾಯಿತು. ಅಂದಿನಿಂದ ಆ ಹೆಜ್ಜೆಗೆ ಸಾಕ್ಷಿ ಎಂದರೆ ನಾನೊಬ್ಬನೇ.

ಕತ್ತೆಕಿರುಬಕ್ಕೆ ಪಾದದಲ್ಲಿ ನಾಲ್ಕು ಬೆರಳು. ನನ್ನಲ್ಲಿ ಮೂರೇ ಇದ್ದವು. ಹೊರಬದಿಯ ಬೆರಳಿರಬೇಕಾದ ಜಾಗ ನುಣ್ಣಗಿತ್ತು. ಹೊಲಕ್ಕೆ ನುಗ್ಗುವ ಹಂದಿಗೆಂದು ಯಾರೋ ಒಡ್ಡಿದ ಉರುಲಿನಲ್ಲಿ ಹೋಗಿರಬೇಕು ಎಂದು ರುಬೀನಾ ಅಂದುಕೊಂಡಳು. ಬ್ರಷ್ಷಿನಿಂದ ನನ್ನ ಮೈಯ ಮಣ್ಣು ತೊಳೆಯುವಾಗ ಆ ಜಾಗವನ್ನು ಮಾತ್ರ ಬೆರಳಿನಿಂದಲೇ ತೊಳೆದಳು, ನೋವಾದೀತೇನೋ ಎಂಬಂತೆ.

ಹೀಗೆ ನಾನು ಮಹಾನಂದಾ ಬೆಟಗೇರಿ ಮೇಡಂ ಅವರ ಮೇಜಿಗೆ ಬಂದೆ. ಅವರು ಕಲಿಸುತ್ತಿದ್ದದ್ದು ವೈಜ್ಞಾನಿಕ ಬರವಣಿಗೆ. ಆ ಹುಡುಗರೋ, ಹಾವು ಹಿಡಿಯೆಂದರೆ ಹಿಡಿದಾರು, ಪೆನ್ನು ಹಿಡಿಯೆಂದರೆ ಬೆವರುತ್ತಿದ್ದರು. ಮೇಡಂ ಮೊದಲ ದಿನವೇ ನನ್ನನ್ನು ಮೇಜಿನ ಮೇಲಿಟ್ಟು, ಇದನ್ನು ನೋಡಿ ಬರೆಯಿರಿ ಎಂದರು.

ಫಕೀರೇಶ ಎಂಬ ಹುಡುಗ ಎದ್ದು ಓದಿದ: "ಅನಾದಿ ಕಾಲದಿಂದಲೂ ಮಾನವನಿಗೂ ಪ್ರಾಣಿಗಳಿಗೂ ಅವಿನಾಭಾವ ಸಂಬಂಧವಿದೆ. ಇದೊಂದು ಕ್ರೂರ ಪ್ರಾಣಿಯ ಭಯಾನಕ ಹೆಜ್ಜೆ..."

"ಕ್ರೂರ ಅನ್ನೂದು ಯಾವ ಬೆರಳಿನಾಗ ಕಾಣ್ತೋ ನಿನಗ?" ಎಂದರು ಮೇಡಂ.

"ಬೆರಳಿನಾಗ ಅಲ್ರಿ ಮೇಡಂ, ಒಟ್ಟಾರೆ ಅನಿಸ್ತು."

"ಅನಿಸಿದ್ದು ಆಮ್ಯಾಲ. ಮೊದಲ ಕಂಡಿದ್ದು ಬರಿ. ಕನ್ನಡದಾಗ ಬರಿ. ನಿನಗ ತಿಳೀಲಾರದ್ದನ್ನ ಇಂಗ್ಲಿಷಿನಾಗ ಮುಚ್ಚಿಡಬ್ಯಾಡ. ತಿಳಿದ ಮ್ಯಾಲ ಇಂಗ್ಲಿಷಿಗೆ ತರೂಣಂತ."

ಮೇಡಂ ಬಾಯಿ ಕಹಿ, ಕೈ ಸಿಹಿ. ಬೈದು ಮುಗಿಸಿದ ಮೇಲೆ ಪಕ್ಕದಲ್ಲೇ ಕೂತು ಸಾಲು ಸಾಲೂ ತಿದ್ದಿಕೊಡುತ್ತಿದ್ದರು. ಕಾಗದದ ತೂಕಕ್ಕೆಂದು ನನ್ನನ್ನು ಇಡುತ್ತಿದ್ದರಿಂದ ಆ ಸಾಲುಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಅವರದೊಂದು ಪದ್ಧತಿ ಇತ್ತು. ಯಾವುದೇ ವರದಿ ಕಾಲೇಜು ಬಿಟ್ಟು ಹೊರಗೆ ಹೋಗುವ ಮುಂಚೆ, ಕೆಲಸ ಹೇಗೆ ಮಾಡಿದೆ ಎಂದು ಬರೆದ ಭಾಗವನ್ನು ಬೇರೊಬ್ಬರ ಕೈಗೆ ಕೊಡುತ್ತಿದ್ದರು. ಅವರು ಬಯಲಿಗೆ ಹೋಗಿ, ಬರೆದದ್ದನ್ನು ಬರೆದಂತೆ ಮಾಡಬೇಕು. ತಮ್ಮ ತಲೆ ಓಡಿಸಬಾರದು. ಒಬ್ಬ ಬರೀ "ಹಕ್ಕಿಗಳನ್ನು ಎಣಿಸಲಾಯಿತು" ಎಂದು ಬರೆದಿದ್ದಕ್ಕೆ, ಅದನ್ನು ಮಾಡಹೋದವಳು ಕ್ಯಾಂಟೀನಿನ ಕೋಳಿಗಳನ್ನು ಎಣಿಸಿ ಬಂದಿದ್ದಳು. ಆ ಹುಡುಗ ವರ್ಷವಿಡೀ "ಕೋಳಿ ಸಾಹೇಬ" ಎನ್ನಿಸಿಕೊಂಡ.

ಆ ವರ್ಷ ಬೋಳಗುಡ್ಡಕ್ಕೆ ಕಲ್ಲುಗಣಿ ಬರುತ್ತದೆ ಎಂಬ ಸುದ್ದಿ ಹುಟ್ಟಿತು. ಜನರ ಅಹವಾಲು ಕೇಳಲು ತಾಲ್ಲೂಕು ಕಚೇರಿಯಲ್ಲಿ ಸಭೆ ಕರೆದರು. ಗುಡ್ಡದಲ್ಲಿ ಏನಿದೆ, ಬರೀ ಕಲ್ಲು ತಾನೇ ಎನ್ನುವುದು ಗಣಿಯವರ ಮಾತು. ರುಬೀನಾ ತನ್ನ ವರದಿಯನ್ನು ಆ ಸಭೆಗೆ ಒಪ್ಪಿಸುತ್ತೇನೆ ಎಂದು ನಿಂತಳು. ಅವಳ ಹತ್ತಿರ ಗಟ್ಟಿ ಸಂಗತಿಯೇ ಇತ್ತು. ಗುಡ್ಡದ ಬುಡದ ಕೆರೆಯಂಗಳದಲ್ಲಿ ಫಕೀರೇಶ ತೆಗೆದ ಒಂದು ಫೋಟೊದಲ್ಲಿ ಎರಡೂ ಮುಂಗಾಲಿನ ಗುರುತುಗಳಿದ್ದವು. ಎಡಗಾಲಿಗೆ ಹೊರಬೆರಳಿಲ್ಲ, ಬಲಗಾಲು ಸರಿಯಾಗಿದೆ. ನನ್ನನ್ನು ನೋಡಿದರೆ ಬಲಗಾಲಿಗೇ ಹೊರಬೆರಳಿಲ್ಲ. ಅಂದಮೇಲೆ ಇವು ಎರಡು ಬೇರೆ ಬೇರೆ ಪ್ರಾಣಿ. ಎರಡು ಎಂದರೆ ಜೋಡಿ, ಗವಿ ಎಂದರೆ ಮರಿ. ಮರಿಗಳಿರುವ ಗುಡ್ಡವನ್ನು ಒಡೆಯಲು ಯಾರಿಗೆ ಮನಸ್ಸು ಬಂದೀತು ಎಂದು ಅವಳ ಲೆಕ್ಕ.

ನಾನು ಮೇಜಿನ ಮೇಲೆ ಒದ್ದಾಡಿಬಿಟ್ಟೆ. ನಾನು ಹೇಳಬೇಕಾದ್ದು ಒಂದೇ ಮಾತಿತ್ತು. ಆದರೆ ಪ್ಲಾಸ್ಟರಿನವನಿಗೆ ಬಾಯೆಲ್ಲಿಂದ ಬರಬೇಕು?

ಸಭೆಗೆ ಎರಡು ದಿನ ಮುಂಚೆ, ಪದ್ಧತಿಯಂತೆ, ರುಬೀನಾ ಬರೆದ ಭಾಗ ಕಿರಿಯ ತರಗತಿಯ ದೇವಕ್ಕನ ಕೈಗೆ ಹೋಯಿತು. "ಒದ್ದೆ ನೆಲದ ಹೆಜ್ಜೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯಲಾಯಿತು. ಅಚ್ಚನ್ನು ನೋಡಿ ಯಾವ ಕಾಲೆಂದು ಗುರುತಿಸಲಾಯಿತು" ಎಂದಿತ್ತು ಅದರಲ್ಲಿ. ಹೆಜ್ಜೆ ಬೇಕಲ್ಲ, ಫಕೀರೇಶ ಚಪ್ಪಲಿ ಕಳಚಿ ವಾಲಿಬಾಲ್ ಅಂಗಳದ ಒದ್ದೆ ಮರಳಿನಲ್ಲಿ ತನ್ನ ಎಡಗಾಲು ಒತ್ತಿದ. ಆಗ ದೇವಕ್ಕನನ್ನು ಬೇರೆ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಪ್ಲಾಸ್ಟರ್ ಸುರಿದು, ಒಣಗಿಸಿ, ಎತ್ತಿ ಅವಳ ಕೈಗಿತ್ತರು. ಅವಳು ಬೆರಳುಗಳನ್ನು ಮೇಲೆ ಮಾಡಿ ಹಿಡಿದು ನೋಡಿದಳು.

"ಬಲಗಾಲ್ರಿ ಮೇಡಂ," ಎಂದಳು. "ಹೆಬ್ಬೆರಳು ಎಡಕ್ಕೈತಿ."

ಅಂಗಳವೆಲ್ಲ ನಕ್ಕಿತು. "ಲೇ ಫಕೀರೇಶ, ನಿನ್ನ ಎಡಗಾಲು ಯಾರು ಒಯ್ದರೋ?" ಎಂದು ಯಾರೋ ಕೂಗಿದರು. ಫಕೀರೇಶ ಗಾಬರಿಯಾಗಿ ನಿಜಕ್ಕೂ ತನ್ನ ಕಾಲು ನೋಡಿಕೊಂಡ.

ನಗದಿದ್ದವರು ಇಬ್ಬರೇ. ಮೇಡಂ ರುಬೀನಾಳನ್ನೇ ನೋಡುತ್ತಿದ್ದರು. ರುಬೀನಾ ಚೀಲದಿಂದ ನನ್ನನ್ನು ತೆಗೆದು, ಬೋರಲಾಗಿ ಮರಳಿನ ಮೇಲಿಟ್ಟು, ಎರಡೂ ಕೈಯಿಂದ ಒತ್ತಿ ಎತ್ತಿದಳು. ಮರಳಿನಲ್ಲಿ ಹೆಜ್ಜೆ ಮೂಡಿತು. ಬೆರಳಿಲ್ಲದ ಜಾಗ ಎಡಕ್ಕಿತ್ತು. ಥೇಟು ಫೋಟೊದಲ್ಲಿದ್ದ ಹಾಗೆ.

ನಾನು ಹೇಳಲಾರದೆ ಒದ್ದಾಡಿದ್ದು ಇದನ್ನೇ. ನಾನು ಹೆಜ್ಜೆಯಲ್ಲ, ನಾನು ಪಾದ. ನೆಲ ಕಂಡದ್ದು ಬೇರೆ, ನನ್ನ ಮುಖ ತೋರಿಸುವುದು ಬೇರೆ. ಎಡ ಇದ್ದದ್ದು ಬಲವಾಗುತ್ತದೆ. ಗವಿಯ ಬಾಯಿಗೆ ಬಂದದ್ದೂ ಕೆರೆಗೆ ನೀರಿಗೆ ಹೋದದ್ದೂ ಒಂದೇ ಪ್ರಾಣಿ.

ಉಳಿದವರು ಹೋದ ಮೇಲೆ ರುಬೀನಾ ಮೇಡಂ ಎದುರು ಕೂತಳು.

"ಮೇಡಂ, ಎರಡು ಅಂತನ ಇರ್ಲಿ ಬಿಡ್ರಿ," ಎಂದಳು. "ಸಭಾದಾಗ ಇದನ್ನ ತಿರುವಿ ನೋಡಾವ್ರು ಯಾರದಾರ? ಒಂದ ಐತಿ ಅಂದ್ರ ಗುಡ್ಡ ಹೋಗತೈತ್ರಿ."

"ಹೋಗಬಹುದು."

"ಮತ್ತ?"

"ನಾನು ಹಿಂಗ ಬರಿ ಅಂತ ಹೇಳಿದ್ರ ಅದು ನನ್ನ ವರದಿ ಆಗತೈತಿ. ನಿನ್ನ ಹೆಸರು ಹಾಕ್ಕೊಂಡು ಓದಾಕಿ ನೀನು. ಈ ಕರಡು ನಾನೂ ಓದಿದ್ದೆನವಾ. ಎಲ್ಲಾ ಕಾಮಾ ತಿದ್ದಿದೆ, ಕಾಲು ತಿರುವಿ ನೋಡಲಿಲ್ಲ," ಎಂದು ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ರುಬೀನಾಳ ಕಣ್ಣಿನಿಂದ ಒಂದು ಹನಿ ನನ್ನ ಮೇಲೆ ಬಿತ್ತು. ಪ್ಲಾಸ್ಟರು ನೀರು ಕುಡಿಯುತ್ತದೆ, ನಿಮಗೆ ಗೊತ್ತಿರಬೇಕು. ಆ ಹನಿಯನ್ನು ನಾನು ಕುಡಿದೆ. ಅವಳ ಬಗ್ಗೆ ನನಗೆ ಎಷ್ಟು ಸಂಕಟವಾಯಿತೆಂದರೆ, ಆ ಗಳಿಗೆಯಲ್ಲಿ ಸುಳ್ಳಾದರೂ ಸರಿ, ಬಲಗಾಲಾಗಿಬಿಡುತ್ತಿದ್ದೆ.

ಸಭೆಗೆ ನನ್ನನ್ನು ದುಪಟ್ಟಾದಲ್ಲಿ ಸುತ್ತಿ ಒಯ್ದಳು. ಎದ್ದು ನಿಂತು ಓದಿದಳು: "ಬೋಳಗುಡ್ಡದಲ್ಲಿ ಒಂದು ಪಟ್ಟೆ ಕತ್ತೆಕಿರುಬ ಓಡಾಡಿದ್ದಕ್ಕೆ ಗುರುತು ಸಿಕ್ಕಿದೆ. ಅದರ ಎಡ ಮುಂಗಾಲಿಗೆ ಹೊರಬೆರಳಿಲ್ಲ. ಮರಿಗಳಿವೆ ಎನ್ನಲು ಆಧಾರ ಸಿಕ್ಕಿಲ್ಲ." ಮರಿಗಳ ಸಾಲು ಓದುವಾಗ ಅವಳ ದನಿ ಸ್ವಲ್ಪ ತಗ್ಗಿತು, ಆದರೆ ನಿಲ್ಲಲಿಲ್ಲ.

ಗಣಿ ಕಡೆಯವರೊಬ್ಬರು ಕುರ್ಚಿಯಲ್ಲೇ ಹಿಂದಕ್ಕೆ ಒರಗಿದರು. "ಒಂದ ಏನವಾ? ಅದೂ ಕುಂಟು?"

ಜನ ನಕ್ಕರು.

"ಒಂದ ರೀ," ಎಂದಳು ರುಬೀನಾ. "ಕುಂಟತೈತೋ ಇಲ್ಲೋ ನಾ ನೋಡಿಲ್ರಿ. ಬೆರಳಿಲ್ಲ, ಅಷ್ಟ ನೋಡೇನಿ."

ಹಿಂದಿನ ಸಾಲಿನಲ್ಲಿದ್ದ ಮೇಡಂ ತಲೆ ಎತ್ತಿ ಕೂತರು. ಅಷ್ಟು ವರ್ಷ ಪಾಠ ಹೇಳಿದ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಆಮೇಲೆ ಕಾಣಲಿಲ್ಲ. ಪರವಾನಗಿ ಮಾತ್ರ ಗಣಿಯವರಿಗೇ ಸಿಕ್ಕಿತು.

ಅಲ್ಲಿಂದ ನನಗೆ ಕಪಾಟಿನ ವಾಸ. ಪಕ್ಕದಲ್ಲಿ ಸೀಸೆಯೊಳಗೆ ಒಂದು ಮಂಡಲದ ಹಾವು, ಈ ಕಡೆ ಮುಂಗುಸಿಯ ಬುರುಡೆ. ಇಬ್ಬರೂ ಹೆಚ್ಚು ಮಾತಿನವರಲ್ಲ. ಪರೀಕ್ಷೆಯ ದಿನಗಳಲ್ಲಿ ಮೇಜಿಗೆ ಬಂದು, ಹುಡುಗರ ಕೈಯಲ್ಲಿ ಬಿದ್ದು, ಹಿಮ್ಮಡಿಯ ಚೂರೊಂದನ್ನು ಕಳೆದುಕೊಂಡೆ. ದೂರದಲ್ಲಿ ಮಧ್ಯಾಹ್ನದ ಹೊತ್ತು ಸಿಡಿಮದ್ದಿನ ಸದ್ದು ಕೇಳುತ್ತಿತ್ತು. ಗಾಜಿನ ಬಾಗಿಲು ಅದುರುತ್ತಿತ್ತು. ಕೆಲವು ವರ್ಷಗಳ ಮೇಲೆ ಆ ಸದ್ದೂ ನಿಂತಿತು.

ಮೇಡಂ ನಿವೃತ್ತರಾಗುವ ವರ್ಷ ರುಬೀನಾ ಬಂದಳು. ಆಗ ಅವಳು ಹಾವೇರಿಯ ಕಡೆ ಒಂದು ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತಿದ್ದಳು. ದಾರಿಯಲ್ಲಿ ಬೋಳಗುಡ್ಡ ನೋಡಿಕೊಂಡು ಬಂದಿದ್ದಳು. ಗುಡ್ಡವಿದ್ದಲ್ಲಿ ಹೊಂಡವಿದೆ, ಹೊಂಡದಲ್ಲಿ ನೀರು ನಿಂತಿದೆ ಎಂದಳು.

"ಎರಡು ಅಂತ ಬರೆದಿದ್ರ ಉಳೀತಿತ್ತೇನ್ರಿ ಮೇಡಂ?"

ಮೇಡಂ ಸಮಾಧಾನದ ಮಾತೇನೂ ಹುಡುಕಲಿಲ್ಲ. "ಉಳೀತಿತ್ತೋ ಏನೋ. ನನಗೂ ಅದ ಕೊರೀತೈತಿ," ಎಂದರು. ಆಮೇಲೆ ಕಪಾಟು ತೆರೆದು ನನ್ನನ್ನು ಅವಳ ಕೈಗಿತ್ತರು.

ಈಗ ನಾನಿರುವುದು ಅವಳ ತರಗತಿಯ ಮೇಜಿನ ಮೇಲೆ. ಹೊಸ ಹುಡುಗರು ಬರುತ್ತಾರೆ, ಕ್ರೂರ ಎಂದೂ ಭಯಾನಕ ಎಂದೂ ಬರೆಯುತ್ತಾರೆ, ಬೈಸಿಕೊಳ್ಳುತ್ತಾರೆ. ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನನ್ನು ಎತ್ತಿ, ತಿರುಗಿಸಿ, ಎಡಗಾಲು ಎಂದು ಸರಿಯಾಗಿ ಹೇಳಿ, "ಈ ಪ್ರಾಣಿ ಈಗ ಎಲ್ಲೈತ್ರಿ ಮೇಡಂ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದಳು ರುಬೀನಾ.

"ಏನಂತ ಬರೀಲ್ರಿ ಹಂಗಾರ?"

"ಹಂಗ ಬರಿ. ಇತ್ತು ಅನ್ನೂದು ಗೊತ್ತೈತಿ, ಅದನ್ನ ಮೊದಲ ಬರಿ. ಈಗ ಎಲ್ಲೈತಿ ಗೊತ್ತಿಲ್ಲ ಅಂತ ಆಮ್ಯಾಲ ಬರಿ."

ಹುಡುಗರು ತಲೆ ತಗ್ಗಿಸಿ ಬರೆದರು. ಅವರು ಬರೆದು ಮುಗಿಸುವವರೆಗೂ ರುಬೀನಾ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದಳು. ನಾನು ಅವಳ ಕೈಯಲ್ಲಿದ್ದೆ. ಅವಳ ಹೆಬ್ಬೆರಳು ನನ್ನಲ್ಲಿ ಬೆರಳಿಲ್ಲದ ಆ ಜಾಗವನ್ನು ಬಿಟ್ಟು ಕದಲಲಿಲ್ಲ.